ಕಾಲಡಿಯ ಸ್ವಿಚ್ಚು

ಅಂಬಾಸಡರ್ ಕಾರನ್ನು ನಡೆಸಿ ಬಲ್ಲವರಿಗೆ ನಾನು ಹೇಳಹೊರಟಿರುವ ವಸ್ತುವಿನ ಪರಿಚಯ ಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಚಾಲಕನ ಆಸನದಲ್ಲಿ ಕುಳಿತು, ಎಡಗಾಲನ್ನು ಕ್ಲಚ್ಚಿನ ಮೇಲಿನಿಂದ ತೆಗೆದು ಕಿಂಚಿತ್ ಎಡಕ್ಕೆ ಸರಿಸಿದರೆ, ನೆಲದಿಂದ ಮೊಳೆತಂತಿರುವ ಲೋಹದ ಗುಂಡಿಯೊಂದು ಅಂಗಾಲಿಗೆ ತಾಗುತ್ತದೆ. ಅದನ್ನೊಮ್ಮೆ ಅದುಮಿದರೆ ಮುಂದಿನ ಎರಡು ದೀಪಗಳ ಬೆಳಕು ನೀಳವಾಗಿ ಹಾದಿಯ ತುದಿಯವರೆಗೆ ಹಾಯುವುದು; ಮತ್ತೊಮ್ಮೆ ಅದುಮಿದರೆ ಅದೇ ಬೆಳಕು ತಲೆತಗ್ಗಿಸಿ ಕಾರಿನ ಮುಂದಣ ನೆಲದ ಮೇಲೆ ಬೀಳುವುದು. ಮೆಕ್ಯಾನಿಕ್ಕುಗಳು ಇದನ್ನು ಡಿಪ್ಪರ್ ಎನ್ನುತ್ತಾರೆ. ಈಚಿನ ಕಾರುಗಳಲ್ಲಿ ಈ ಕೆಲಸ ಸ್ಟೀಯರಿಂಗಿನ ಪಕ್ಕದ ಕಡ್ಡಿಗೆ ವರ್ಗವಾಗಿ ಕೈಬೆರಳಿನ ಪಾಲಿಗೆ ಹೋಗಿದೆ. ಆದರೆ ಕಾಲಿನಿಂದ ಬೆಳಕನ್ನು ಇಳಿಸುವ ಅಭ್ಯಾಸ ಒಮ್ಮೆ ಮೈಗೂಡಿದವನಿಗೆ ಅದರಲ್ಲೊಂದು ವಿಶೇಷ ಸಮಾಧಾನವುಂಟು: ಎದುರಿನಿಂದ ಬರುವವನನ್ನು ಕಂಡೊಡನೆ, ಮನಸ್ಸು ಆಜ್ಞೆ ಮಾಡುವುದಕ್ಕೂ ಮೊದಲೇ, ಪಾದ ತಾನಾಗಿ ಚಲಿಸಿ ಟಕ್ಕೆಂಬ ಸದ್ದು ಕೇಳಿಬರುತ್ತದೆ.

ನನ್ನ ಕಾರು 1976ರಲ್ಲಿ ಬಂಗಾಳದ ಉತ್ತರಪಾರಾದ ಕಾರ್ಖಾನೆಯಿಂದ ಹೊರಬಂದ ಮಾರ್ಕ್ 3. ಬೆಂಗಳೂರಿನ ದೂರವಾಣಿನಗರದ ಐ.ಟಿ.ಐ. ಟೆಲಿಫೋನ್ ಕಾರ್ಖಾನೆಗೆ ನಾನು ಕೆಲಸಕ್ಕೆ ಸೇರಿದ್ದೂ ಅದೇ ವರ್ಷ. ಕಾರು ನನ್ನ ಕೈಗೆ ಬಂದದ್ದು ಅನಂತರ, ಮೊದಲ ಯಜಮಾನರು ಕಣ್ಣು ಮಂಜಾಗಿ ಮಾರಿದಾಗ. ಆದರೂ ಒಂದೇ ವರ್ಷದಲ್ಲಿ ದುಡಿಮೆಗೆ ತೊಡಗಿದವರೆಂಬ ಸಲುಗೆ ನಮ್ಮಿಬ್ಬರಲ್ಲಿ ಬೆಳೆದುಬಂದಿದೆ. ಆ ಉತ್ತರಪಾರಾದ ಕಾರ್ಖಾನೆ 2014ರಲ್ಲಿ ಬಾಗಿಲು ಹಾಕಿತು. ನಾನೂ ನಿವೃತ್ತನಾದೆ. ಕಾರು ಮಾತ್ರ ಇನ್ನೂ ನಿವೃತ್ತಿಯನ್ನು ಒಲ್ಲದು.

ಕಳೆದ ಆಷಾಢದ ಒಂದು ಸಂಜೆ ಮಾಲೂರಿನ ತಂಗಿಯ ಮನೆಯಿಂದ ಹೂಡಿಗೆ ಹಿಂದಿರುಗುತ್ತಿದ್ದೆ. ಜಿಟಿಜಿಟಿ ಮಳೆ, ಹೆಂಚು ಇಟ್ಟಿಗೆಗಳನ್ನು ಹೊತ್ತ ಲಾರಿಗಳು ಒಂದರ ಹಿಂದೊಂದು ಎದುರಾಗುತ್ತಿದ್ದುವು. ಮೊದಲನೆಯ ಲಾರಿಗೆ ಗೌರವ ತೋರಿಸಲೆಂದು ಗುಂಡಿಯನ್ನು ಅದುಮಿದೆ. ಬೆಳಕು ಇಳಿಯಲಿಲ್ಲ, ಪೂರ್ತಿಯಾಗಿ ಮಾಯವಾಯಿತು. ಆ ಒಂದು ಕ್ಷಣದ ಕತ್ತಲೆಯನ್ನು ನಾನು ಮರೆಯಲಾರೆ: ರಸ್ತೆಯಿಲ್ಲ, ಅಂಚಿಲ್ಲ, ಎದುರಿನ ಲಾರಿಯ ಕಣ್ಣು ಕುಕ್ಕುವ ಬೆಳಕಿನ ಹೊರತು ಜಗತ್ತಿನಲ್ಲಿ ಮತ್ತೇನೂ ಇಲ್ಲ. ಗಾಬರಿಯಿಂದ ಮತ್ತೆ ತುಳಿದಾಗ ದೂರದ ಬೆಳಕು ಬಂದಿತು, ಆದರೆ ಹರಳೆಣ್ಣೆಯ ದೀಪದಂತೆ ಹಳದಿಯಾಗಿ, ಸೋತುಹೋಗಿ. ಅಂದು ಉಳಿದ ದಾರಿಯನ್ನೆಲ್ಲ ಬೆಳಕನ್ನು ತಗ್ಗಿಸದೆಯೇ ಕ್ರಮಿಸಬೇಕಾಯಿತು. ಎದುರಾದವರೆಲ್ಲ ತಮ್ಮ ದೀಪಗಳನ್ನು ಮಿಣುಕಿಸಿ ಗದರಿಸಿದರು. ನನ್ನದು ಅವಿನಯವಲ್ಲ, ಅಸಹಾಯಕತೆ ಎಂದು ಅವರಿಗೆ ತಿಳಿಸುವ ಬಗೆ ಯಾವುದು? ನಮ್ಮ ದೇಶದ ಲಾರಿಗಳ ಬೆನ್ನ ಮೇಲೆ ಹೂಬಳ್ಳಿಗಳ ನಡುವೆ ‘ಯೂಸ್ ಡಿಪ್ಪರ್ ಅಟ್ ನೈಟ್’ ಎಂದು ಬರೆಸಿರುವುದನ್ನು ಬಾಲ್ಯದಿಂದಲೂ ಓದಿಕೊಂಡು ಬಂದಿದ್ದೇನೆ. ಮುಖ ಕಾಣದ ಇಬ್ಬರು ಕತ್ತಲೆಯಲ್ಲಿ ಪರಸ್ಪರ ಮಾಡುವ ನಮಸ್ಕಾರ ಅದು. ಆ ರಾತ್ರಿ ನಾನು ಯಾರ ನಮಸ್ಕಾರಕ್ಕೂ ಪ್ರತಿನಮಸ್ಕಾರ ಮಾಡಲಿಲ್ಲವೆಂಬ ವ್ಯಥೆ ಮನೆಗೆ ಬಂದ ಮೇಲೂ ನನ್ನನ್ನು ಬಿಡಲಿಲ್ಲ.

ಇದರ ಮೇಲೆ ಇನ್ನೊಂದು ತುರ್ತು. ಖಾಸಗಿ ಕಾರಿಗೆ ಹದಿನೈದು ವರ್ಷ ತುಂಬಿದ ಬಳಿಕ ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಿಕೊಳ್ಳಬೇಕಷ್ಟೆ. ಆ ಗಡುವು ಹತ್ತಿರವಾಗಿತ್ತು. ದೀಪವಿಲ್ಲದ ಕಾರನ್ನು ಯಾವ ಇನ್‌ಸ್ಪೆಕ್ಟರೂ ಒಪ್ಪನು, ಒಪ್ಪಲೂಬಾರದು. ಹತ್ತಿರದ ಗ್ಯಾರೇಜಿನ ಹುಡುಗ ಬಗ್ಗಿ ನೋಡಿ, “ಇದು ಹೋಗಿದೆ ಅಂಕಲ್, ಬಿಸಾಕಿ ಹೊಸದು ಹಾಕ್ಸಿ” ಎಂದ. ಜೆ.ಸಿ. ರಸ್ತೆಗೆ ಹೋಗಿ ಹೊಸದನ್ನು ತಂದೆ. ಹಳೆಯದನ್ನು ಒಂದು ಅಂಗೈಯಲ್ಲಿ, ಹೊಸದನ್ನು ಇನ್ನೊಂದರಲ್ಲಿ ಇಟ್ಟು ತೂಗಿದಾಗಲೇ ಮನಸ್ಸಿಗೆ ಅಳುಕಾಯಿತು, ಬೆಂಕಿಪೊಟ್ಟಣದಷ್ಟು ಹಗುರ. ಅದು ಶ್ರಾವಣ ಮುಗಿಯುವವರೆಗೂ ಬಾಳಲಿಲ್ಲ. ತಯಾರಿಸಿದವರಾರೋ ತಿಳಿಯದು, ಪೊಟ್ಟಣದ ಮೇಲೆ ಹೆಸರೂ ಇರಲಿಲ್ಲ. ಹಳೆಯದನ್ನು ಎಸೆಯದೆ ಸೀಟಿನ ಕೆಳಗಿನ ಡಬ್ಬಿಯಲ್ಲಿ ಇರಿಸಿಕೊಂಡಿದ್ದುದು ಒಳ್ಳೆಯದಾಯಿತು.

ಹೂಡಿಯನ್ನು ಇಂದು ನೋಡುವವರಿಗೆ ಗಾಜಿನ ಕಟ್ಟಡಗಳೂ, 2023ರ ಮಾರ್ಚಿನಿಂದ ತಲೆಯ ಮೇಲೆ ಓಡಾಡುವ ಮೆಟ್ರೋ ರೈಲೂ ಮಾತ್ರ ಕಂಡಾವು. ಆದರೆ ಆ ಕಂಬಗಳ ಸಾಲನ್ನು ಬಿಟ್ಟು ಹಳೆಯ ರೈಲುಹಾದಿಯ ಕಡೆಗೆ, ಎಂದರೆ 1864ರಷ್ಟು ಹಿಂದೆಯೇ ಬೆಂಗಳೂರನ್ನು ಜೋಲಾರಪೇಟೆಗೆ ಜೋಡಿಸಿದ ಆ ಹಳಿಗಳ ಕಡೆಗೆ ನಡೆದರೆ, ಗಲ್ಲಿಗಳಲ್ಲಿ ಇನ್ನೂ ಬ್ಯಾಟರಿ ಅಂಗಡಿ, ಪಂಕ್ಚರ್ ಅಂಗಡಿ, ಲೇತುಗಳು ಉಳಿದಿವೆ. ಅಂಥ ಒಂದು ಗಲ್ಲಿಯಲ್ಲಿ, ತಗಡಿನ ಸೂರಿನ ಕೆಳಗೆ, ಹಳೆಯ ವಾಹನಗಳ ವೈರಿಂಗ್ ಕೆಲಸ ಮಾಡುವ ವೃದ್ಧರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಭಾಯ್ ಎನ್ನುವರು. ನಾನೂ ಹಾಗೆಯೇ ಕರೆಯುತ್ತೇನೆ. ಅವರು ಸ್ವಿಚ್ಚನ್ನು ಕೈಗೆ ತೆಗೆದುಕೊಂಡು, ಕಿವಿಯ ಬಳಿ ಹಿಡಿದು ಎರಡು ಬಾರಿ ಒತ್ತಿದರು. ವೈದ್ಯನು ಎದೆಗೆ ಕಿವಿಯಿಟ್ಟಂತೆ ಆ ಟಕ್ಕು ಟಕ್ಕನ್ನು ಆಲಿಸಿ, “ಇದು ಸತ್ತಿಲ್ಲ ಸಾರ್, ಬಾಯಿ ಕಟ್ಟಿದೆ ಅಷ್ಟೆ” ಎಂದರು.

ಬಾಯಿ ಕಟ್ಟಿದೆ! ಐ.ಟಿ.ಐ.ನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕಾಂಟ್ಯಾಕ್ಟುಗಳೊಡನೆಯೇ ಬದುಕಿದ ನನಗೆ ಇಷ್ಟು ಸಮರ್ಪಕವಾದ ಮಾತು ಹೊಳೆದಿರಲಿಲ್ಲ.

ಅವರು ಅದನ್ನು ತೆರೆದ ಕ್ರಮವನ್ನು ನಾನು ಪಕ್ಕದ ಸ್ಟೂಲಿನ ಮೇಲೆ ಕುಳಿತು ಕಣ್ಣಾರೆ ಕಂಡೆ. ತಗಡಿನ ಬಟ್ಟಲಿನಂಥ ಹೊರಕವಚ. ಅದರ ಅಂಚಿನ ನಾಲ್ಕು ನಾಲಗೆಗಳು ಒಳಗಣ ಬೇಕಲೈಟಿನ ಬಿಲ್ಲೆಯ ಮೇಲೆ ಮಡಚಿಕೊಂಡು ಅದನ್ನು ಹಿಡಿದಿವೆ. ಭಾಯ್ ಚಪ್ಪಟೆ ಸ್ಕ್ರೂಡ್ರೈವರಿನ ತುದಿಯನ್ನು ಮೊದಲನೆಯ ನಾಲಗೆಯ ಅಡಿಗೆ ತೂರಿಸಿ, ಮೀಟದೆ, ಕೇವಲ ಹೊರಳಿಸಿ, ಕೂದಲೆಳೆಯಷ್ಟು ಎತ್ತಿದರು, ಬಳಿಕ ಎದುರುಬದಿಯದನ್ನು ಅಷ್ಟೇ, ಮತ್ತೆ ಉಳಿದೆರಡನ್ನು, ಹೀಗೆ ಮೂರು ಸುತ್ತು. “ಒಂದೇ ಸಲ ಎತ್ತಿದ್ರೆ ಮುರಿಯುತ್ತೆ. ಇದಕ್ಕೆ ವಯಸ್ಸಾಗಿದೆ” ಎಂದರು. ಬೇಕಲೈಟು ಬಿಸ್ಕತ್ತಿನ ಹಾಗೆ. ಬಗ್ಗುವುದನ್ನು ಅರಿಯದು, ಬಿರಿಯುವುದನ್ನು ಮಾತ್ರ ಬಲ್ಲದು. ಬಿಲ್ಲೆಯನ್ನು ಎತ್ತುವ ಮೊದಲು ಬಿಳಿಯ ಬಟ್ಟೆಯೊಂದನ್ನು ಹಾಸಿದರು, ಒಳಗಿನ ಸ್ಪ್ರಿಂಗು ಹಾರಿದರೆ ಬಿದ್ದ ಸ್ಥಳ ತಿಳಿಯಬೇಕೆಂದು. ಅನಂತರ ಒಳಗಿನದೆಲ್ಲ ಒಂದೊಂದಾಗಿ ಬಟ್ಟೆಯ ಮೇಲೆ ಬಂದು ಕುಳಿತಿತು: ಗುಂಡಿಯ ಕಂಬಿ, ಅದನ್ನು ಮೇಲಕ್ಕೆ ನೂಕುವ ದಪ್ಪ ಸ್ಪ್ರಿಂಗು, ಅದುಮಿದಾಗಲೆಲ್ಲ ಒಂದೊಂದು ಹಲ್ಲು ಮುಂದೆ ಸರಿಯುವ ಪುಟ್ಟ ಗಾಲಿ, ಆ ಗಾಲಿಯ ಬೆನ್ನಿಗಂಟಿ ತಿರುಗುವ ತಾಮ್ರದ ತಟ್ಟೆ. ಬಿಲ್ಲೆಯಲ್ಲಿ ಮೂರು ಹಿತ್ತಾಳೆಯ ಮೊಳೆಗಳು. ನೀಲಿ ತಂತಿ ಬೆಳಕನ್ನು ತರುತ್ತದೆ. ನೀಲಿಯ ಮೇಲೆ ಬಿಳಿಗೆರೆಯ ತಂತಿ ಅದನ್ನು ದೂರದ ದೀಪಕ್ಕೂ, ನೀಲಿಯ ಮೇಲೆ ಕೆಂಪುಗೆರೆಯದು ಹತ್ತಿರದ ದೀಪಕ್ಕೂ ಒಯ್ಯುತ್ತದೆ. ಇಂಗ್ಲೆಂಡಿನ ಲ್ಯೂಕಾಸ್ ಕಂಪನಿಯವರು ರೂಢಿಗೆ ತಂದ ಈ ವರ್ಣಸಂಕೇತ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂಲಕ ಅಂಬಾಸಡರಿಗೆ ವಂಶಪಾರಂಪರ್ಯವಾಗಿ ಬಂದದ್ದು. ಇಂಗ್ಲಿಷಿನಲ್ಲಿ ಒಂದು ಸಾಲನ್ನೂ ಓದಲಾರೆನೆನ್ನುವ ಭಾಯ್ ಈ ಬಣ್ಣಗಳನ್ನು ಮಾತ್ರ ಮಗ್ಗಿಯಂತೆ ಒಪ್ಪಿಸುವರು: ಕಂದು ಎಂದರೆ ಬ್ಯಾಟರಿಯಿಂದ ನೇರವಾಗಿ ಬಂದದ್ದು, ಬಿಳಿ ಎಂದರೆ ಕೀಲಿ ತಿರುಗಿಸಿದ ಮೇಲೆ, ಕಪ್ಪು ಎಂದರೆ ಅರ್ಥ್.

ಕೆಂಪುಗೆರೆಯ ಮೊಳೆಯನ್ನು ಭೂತಗಾಜಿನಲ್ಲಿ ನೋಡಿದೆ. ಬುಡದ ಸುತ್ತ ನವಿಲುಬಣ್ಣದ ಕಿಲುಬು. ತುದಿಯಲ್ಲಿ ಸಾಸಿವೆಕಾಳಿನಷ್ಟು ಒಂದು ಗುಳಿ, ಗುಳಿಯ ತುಂಬ ಕರಿಯ ಮಸಿ. ತಾಮ್ರದ ತಟ್ಟೆಯ ಮೇಲೆ, ಆ ಗುಳಿಗೆ ಸರಿಯಾಗಿ ಎದುರಿನಲ್ಲಿ, ಅಷ್ಟೇ ಗಾತ್ರದ ಒಂದು ದಿಬ್ಬ. ಇಲ್ಲಿ ನಷ್ಟವಾದದ್ದು ಅಲ್ಲಿ ಹೋಗಿ ಕುಳಿತಿದೆ. ಮನೆಯ ವಿದ್ಯುತ್ತು ಸೆಕೆಂಡಿಗೆ ನೂರು ಸಲ ಶೂನ್ಯವನ್ನು ಹಾದು ಬರುವುದರಿಂದ, ಸ್ವಿಚ್ಚು ಆರಿಸುವಾಗ ಹುಟ್ಟಿದ ಕಿಡಿ ತಾನಾಗಿ ಸಾಯಲು ಅವಕಾಶವುಂಟು. ಬ್ಯಾಟರಿಯ ವಿದ್ಯುತ್ತು ಎಡೆಬಿಡದೆ ಒಂದೇ ದಿಕ್ಕಿಗೆ ಹರಿಯುವಂಥದು. ಅದು ಪ್ರತಿ ಅಗಲಿಕೆಯಲ್ಲಿಯೂ ಒಂದು ಕಡೆಯ ಲೋಹವನ್ನು ಅಣುವಿನಷ್ಟು ಕಿತ್ತು ಮತ್ತೊಂದು ಕಡೆಗೆ ಸಾಗಿಸುತ್ತದೆ. ಐವತ್ತು ವರ್ಷಗಳ ಸಹಸ್ರಾರು ರಾತ್ರಿಯ ನಮಸ್ಕಾರಗಳು ಈ ಗುಳಿಯಲ್ಲಿ ಮತ್ತು ಈ ದಿಬ್ಬದಲ್ಲಿ ಲೆಕ್ಕವಾಗಿ ಉಳಿದಿದ್ದುವು. ಆ ಮೇಲೆ ನೀರು. ಚಪ್ಪಲಿಯಲ್ಲಿ ಬಂದ ಮಳೆನೀರನ್ನು ತೆಂಗಿನ ನಾರಿನ ಹಾಸು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಅದರ ನಡುವೆಯೇ ಈ ಬಡ ಸ್ವಿಚ್ಚಿನ ವಾಸ.

ಎರಡು ಲೋಹಗಳು ಕೂಡಿದುವು ಎಂದರೆ ಅವು ನಿಜವಾಗಿಯೂ ಎಷ್ಟು ಕೂಡಿರುತ್ತವೆ ಎಂಬುದು ನನ್ನ ವೃತ್ತಿಜೀವನದ ಮೊದಲ ಪಾಠವಾಗಿತ್ತು. ಕಣ್ಣಿಗೆ ನುಣುಪಾಗಿ ಕಾಣುವ ಮೇಲ್ಮೈಯೂ ಬೆಟ್ಟಗುಡ್ಡಗಳಿಂದ ಕೂಡಿದ ಪ್ರದೇಶ. ಎರಡು ಮೇಲ್ಮೈಗಳು ಸೇರಿದಾಗ ಕೆಲವೇ ಶಿಖರಗಳು ಒಂದನ್ನೊಂದು ಮುಟ್ಟುವುವು, ಹರಿಯಬೇಕಾದ ವಿದ್ಯುತ್ತೆಲ್ಲ ಆ ಕೆಲವು ತುದಿಗಳಲ್ಲಿಯೇ ನುಸುಳಬೇಕು. ಆ ತುದಿಗಳನ್ನು ಕಿಲುಬು ಆವರಿಸಿತೆಂದರೆ ಹಾದಿ ಇನ್ನೂ ಇಕ್ಕಟ್ಟು. ಐದನೆಯ ಒಂದು ಓಮಿನಷ್ಟು ತಡೆ ಹುಟ್ಟಿತೆನ್ನೋಣ. ಕೇಳುವುದಕ್ಕೆ ಏನೂ ಅಲ್ಲ. ಆದರೆ 45 ವಾಟಿನ ಎರಡು ಬಲ್ಬುಗಳು ಏಳೂವರೆ ಆಂಪಿಯರ್ ಬೇಡುತ್ತವೆ. ಆಗ ಹನ್ನೆರಡರಲ್ಲಿ ಒಂದೂವರೆ ವೋಲ್ಟು ಸ್ವಿಚ್ಚಿನಲ್ಲಿಯೇ ಉಳಿದುಹೋಗುವುದು. ಬಲ್ಬಿನ ಬೆಳಕು ವೋಲ್ಟಿನ ಪ್ರಮಾಣದಲ್ಲಿಯೇ ಕುಗ್ಗುವುದಲ್ಲ, ಅದಕ್ಕಿಂತ ಬಹು ಬೇಗ ಕುಗ್ಗುತ್ತದೆ. ಈ ಒಂದೂವರೆ ವೋಲ್ಟಿಗೆ ಮೂರರಲ್ಲೊಂದು ಪಾಲು ಬೆಳಕು ಹೋದಂತೆ. ಹೋದ ಶಕ್ತಿಯಾದರೂ ಎಲ್ಲಿಗೆ ಹೋಗುತ್ತದೆ? ಆ ಸಾಸಿವೆಯಷ್ಟು ಜಾಗದಲ್ಲಿ ಹತ್ತು ಹನ್ನೊಂದು ವಾಟಿನ ಕಾವಾಗಿ ಕುಳಿತು, ಸ್ಪ್ರಿಂಗಿನ ಬಿಗಿಯನ್ನು ಮೆತ್ತಗೆ ಮಾಡಿ, ಬಿಗಿ ತಗ್ಗಿದುದರಿಂದ ತಡೆಯನ್ನು ಹೆಚ್ಚಿಸಿ, ಆ ತಡೆಯಿಂದ ಮತ್ತಷ್ಟು ಕಾವನ್ನು ಹುಟ್ಟಿಸುತ್ತದೆ. ಮಾಲೂರಿನ ದಾರಿಯಲ್ಲಿ ನಾನು ಕಂಡ ಹರಳೆಣ್ಣೆಯ ಬೆಳಕಿಗೆ ಕಾರಣ ಇಷ್ಟು.

ಐ.ಟಿ.ಐ.ನಲ್ಲಿ ನಾನಿದ್ದುದು ರಿಲೇಗಳನ್ನು ಹದಗೊಳಿಸುವ ವಿಭಾಗದಲ್ಲಿ. ಆ ಕಾರ್ಖಾನೆ 1948ರಲ್ಲಿ ಹುಟ್ಟಿದ್ದು. ಅದರ ಸುತ್ತ ಬೆಳೆದ ಊರಿಗೆ ದೂರವಾಣಿನಗರವೆಂದೇ ಹೆಸರು. ಸ್ಟ್ರೋಜರ್ ಪದ್ಧತಿಯ ಟೆಲಿಫೋನ್ ಎಕ್ಸ್‌ಚೇಂಜೆಂದರೆ ರಿಲೇಗಳ ಅರಣ್ಯ. ಒಂದೊಂದು ರಿಲೇಯಲ್ಲಿಯೂ ಪುಟ್ಟ ಸ್ಪ್ರಿಂಗಿನ ಎಲೆಗಳು. ಪ್ರತಿ ಎಲೆಯ ತುದಿ ಸೀಳಿ, ಸೀಳಿನ ಎರಡು ಕವಲುಗಳಿಗೂ ಒಂದೊಂದು ಬೆಳ್ಳಿಯ ಚುಕ್ಕೆ, ಒಂದರ ಮೇಲೆ ಧೂಳಿನ ಕಣ ಕುಳಿತರೂ ಇನ್ನೊಂದು ಮಾತನ್ನು ದಾಟಿಸಲಿ ಎಂದು. ಎಲ್ಲಿಯೋ ಇಬ್ಬರು ಮಾತನಾಡುತ್ತಿರುವಾಗ ನಡುವೆ ದನಿ ಕತ್ತರಿಸಬಾರದೆಂಬ ಆ ಎಚ್ಚರಿಕೆ ನನಗೆ ಈಗಲೂ ಪೂಜ್ಯವಾಗಿ ಕಾಣುತ್ತದೆ. ಆ ಚುಕ್ಕೆಗಳಿಗೆ ಅರವನ್ನಾಗಲಿ ಮರಳುಕಾಗದವನ್ನಾಗಲಿ ಸೋಕಿಸುವುದು ನಮ್ಮಲ್ಲಿ ಮಹಾಪರಾಧ. ಬರ್ನಿಷರ್ ಎಂಬ, ಎಲೆಯಂತೆ ತೆಳುವಾದ ಉಕ್ಕಿನ ಪಟ್ಟಿಯನ್ನು ನಡುವೆ ತೂರಿಸಿ, ಎರಡು ಮೂರು ಸಲ ಹಗುರವಾಗಿ ಎಳೆಯಬೇಕು. ನನ್ನ ಬರ್ನಿಷರ್ ಇಂದಿಗೂ ಮೇಜಿನ ಡ್ರಾಯರಿನಲ್ಲಿದೆ. ಅಂದು ಜೇಬಿನಲ್ಲಿ ಇಟ್ಟುಕೊಂಡೇ ಹೋಗಿದ್ದೆ.

ಭಾಯ್ ವಾಟರ್ ಪೇಪರನ್ನು ಕೈಗೆ ತೆಗೆದುಕೊಂಡಾಗ ನಾನು ತಡೆಯಲಾರದೆ ಬರ್ನಿಷರನ್ನು ಮುಂದೆ ಚಾಚಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಉಗುರಿನ ಮೇಲೆ ಎಳೆದು, “ಚೆನ್ನಾಗಿದೆ ಸಾರ್. ಆದ್ರೆ ಇದು ಫೋನಲ್ಲ. ಏಳೆಂಟು ಆಂಪ್ಸು ಹರಿಯೋ ದಾರಿ. ಗುಳಿ ಬಿದ್ದಿರೋ ರೋಡಿಗೆ ಗುಡಿಸಿದ್ರೆ ಸಾಲದು, ಮಟ್ಟ ಮಾಡ್ಬೇಕು” ಎಂದರು. ಅವರ ಮಾತು ಯಥಾರ್ಥ. ಮಿಲಿಆಂಪಿಯರುಗಳ ಬೆಳ್ಳಿಯ ಚುಕ್ಕೆಗೆ ಸಲ್ಲುವ ನ್ಯಾಯ ಬೇರೆ, ಕಿಡಿ ತಿಂದ ತಾಮ್ರಕ್ಕೆ ಸಲ್ಲುವ ನ್ಯಾಯ ಬೇರೆ. ಮೊದಲು ಸಣ್ಣ ಅರದಿಂದ ದಿಬ್ಬವನ್ನು ಇಳಿಸಿದರು. ಗುಳಿಯ ಮೊಳೆಗೆ ಬೆಳ್ಳಿ ಸೇರಿದ ಬೆಸುಗೆಯನ್ನು ಒಂದು ಹನಿ ತುಂಬಿ, ಮತ್ತೆ ಅರದಿಂದ ಉಳಿದೆರಡರ ಮಟ್ಟಕ್ಕೆ ತಂದರು. ಬಳಿಕ ನುಣುಪಾದ ವಾಟರ್ ಪೇಪರು. ಎಲ್ಲ ಮುಗಿದ ಮೇಲೆ ಬರ್ನಿಷರನ್ನು ಮರಳಿ ಕೇಳಿ ಪಡೆದು, ಮೂರು ಮೊಳೆಗಳ ಮೇಲೂ ಒಂದೊಂದು ಸಲ ಎಳೆದು ನನಗೆ ಒಪ್ಪಿಸಿದರು. ಆ ಕೊನೆಯ ಎಳೆತ ಕೆಲಸಕ್ಕೆ ಅಗತ್ಯವಿತ್ತೋ, ನನ್ನ ಮೇಲಣ ವಿಶ್ವಾಸಕ್ಕಾಗಿಯೋ ನಾನು ಕೇಳಲಿಲ್ಲ.

ಕಿಲುಬನ್ನು ಕಂಡಾಗ ನನಗೆ ಸಹಜವಾಗಿಯೇ ಹುಣಸೆಹಣ್ಣು ನೆನಪಾಗಿತ್ತು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಮುಂಚೆ ನಮ್ಮ ತಾಯಿ ಹಂಡೆಯನ್ನು ಹುಣಸೆ, ಉಪ್ಪುಗಳಿಂದ ಉಜ್ಜಿದರೆ ಅರ್ಧಗಳಿಗೆಯಲ್ಲಿ ತಾಮ್ರ ಉದಯಸೂರ್ಯನಂತಾಗುತ್ತಿತ್ತು. ಆ ಉಪಾಯ ಇಲ್ಲಿ ಸಲ್ಲದೆಂದು ಭಾಯ್ ವಿವರಿಸಿದರು. ಹಂಡೆಯನ್ನು ಕೊಡಗಟ್ಟಲೆ ನೀರಿನಿಂದ ತೊಳೆಯಬಹುದು. ಮೊಳೆಯ ಬುಡದಲ್ಲಿ ಸೇರಿಕೊಂಡ ಹುಳಿ ಉಪ್ಪುಗಳು ಹೊರಡುವುದಿಲ್ಲ, ಅವೇ ತೇವವನ್ನು ಕರೆತಂದು ಎರಡರಷ್ಟು ಕಿಲುಬನ್ನು ಕೂಡಿಸುತ್ತವೆ. ಆದುದರಿಂದ ಪೆಟ್ರೋಲು, ಹಳೆಯ ಹಲ್ಲುಜ್ಜುವ ಬ್ರಷ್ಷು, ಆ ಮೇಲೆ ಬಿಸಿಲು. ಭಾಗಗಳೆಲ್ಲ ಬಿಸಿಲಿಗೆ ಒಣಗುತ್ತಿರುವಾಗ ನಾವಿಬ್ಬರೂ ಚಹಾ ಕುಡಿದೆವು. ತಟ್ಟೆಯ ಮಸಿಯನ್ನು ಅವರು ಎಲ್ಲ ಮೇಸ್ತ್ರಿಗಳಂತೆ ‘ಕಾರ್ಬನ್’ ಎಂದೇ ಕರೆದರು. ರಸಾಯನಶಾಸ್ತ್ರ ಅದನ್ನು ಬಹುಮಟ್ಟಿಗೆ ತಾಮ್ರದ ಆಕ್ಸೈಡೆಂದೀತು. ಆದರೆ ನಮ್ಮ ನೆರೆಯಲ್ಲಿಯೇ ಒಂದು ಕೂಡುರಸ್ತೆಗೆ ಗ್ರಾಫೈಟ್ ಇಂಡಿಯಾ ಎಂಬ ಹೆಸರು ಉಳಿದಿರುವುದನ್ನು ನೆನೆದಾಗ ನನಗೊಂದು ವಿಸ್ಮಯ ಬಾರದಿರಲಿಲ್ಲ: ನಿಜವಾದ ಕಾರ್ಬನ್ನು ಗ್ರಾಫೈಟಿನ ರೂಪದಲ್ಲಿ ವಿದ್ಯುತ್ತಿಗೆ ಎಷ್ಟು ಸರಳವಾಗಿ ದಾರಿ ಬಿಡುತ್ತದೆಂದರೆ, ಉಕ್ಕನ್ನು ಕರಗಿಸುವ ಕುಲುಮೆಗಳ ಮಹಾಜ್ವಾಲೆ ಹೊತ್ತುವುದೇ ಅದರ ದಂಡಗಳ ತುದಿಯಲ್ಲಿ, ಕಾರಿನ ಡೈನಮೋದಲ್ಲಿ ತಿರುಗುವ ತಾಮ್ರವನ್ನು ಸವರಿ ವಿದ್ಯುತ್ತನ್ನು ಹೊರತರುವುದೂ ಅದರ ತುಂಡುಗಳೇ.

ಸ್ಪ್ರಿಂಗಿನ ಬಿಗಿ ತಗ್ಗಿತ್ತೆಂದೆನಲ್ಲವೆ? ಅದನ್ನು ಭಾಯ್ ಇಕ್ಕಳದಲ್ಲಿ ಹಿಡಿದು ಒಂದು ಸುತ್ತಿನಷ್ಟು ಹಿಗ್ಗಿಸಿದರು. ಹೆಚ್ಚು ಹಿಗ್ಗಿಸಿದರೆ ತಟ್ಟೆ ಮೊಳೆಯನ್ನು ಗೀರಿ ಸವೆಸುತ್ತದೆ, ಕಡಿಮೆಯಾದರೆ ಕಿಡಿ. ನಮ್ಮ ಕಾರ್ಖಾನೆಯಲ್ಲಿ ಈ ಒತ್ತಡವನ್ನು ಗ್ರಾಮುಗಳ ಲೆಕ್ಕದಲ್ಲಿ ಗೇಜಿಟ್ಟು ಅಳೆಯುತ್ತಿದ್ದೆವು; ಅವರು ಹೆಬ್ಬೆರಳಿನಿಂದ ಒತ್ತಿ ನೋಡಿ ತಲೆಯಾಡಿಸಿದರು. ಕೊನೆಗೆ ಸವರಿದ ವ್ಯಾಸಲೀನು ಅಕ್ಕಿಕಾಳಿನಷ್ಟು. ನಾಲಗೆಗಳನ್ನು ಮತ್ತೆ ಮೂರು ಸುತ್ತಿನಲ್ಲಿ ಮಡಚಿದರು. ಕಾರಿಗೆ ಜೋಡಿಸಿ, ದೀಪ ಹೊತ್ತಿಸಿ, ನನ್ನ ಮೀಟರನ್ನು ಎರಡು ಮೊಳೆಗಳಿಗೆ ಮುಟ್ಟಿಸಿದೆ. ತೆರೆಯುವ ಮುನ್ನ ಒಂದೂವರೆ ವೋಲ್ಟಿನ ಸಮೀಪದಲ್ಲಿದ್ದುದು ಈಗ ಒಂದು ವೋಲ್ಟಿನ ಇಪ್ಪತ್ತನೆಯ ಭಾಗಕ್ಕೆ ಇಳಿದಿತ್ತು. ಎದುರಿನ ಗೋಡೆಯ ಮೇಲೆ ಬಿದ್ದ ಬೆಳಕನ್ನು ನೋಡಿ ಭಾಯ್‌ಯವರ ಮೊಮ್ಮಗ ಚಪ್ಪಾಳೆ ತಟ್ಟಿದ.

ಆಗ ಅವರು ಒಂದು ಸಲಹೆ ಕೊಟ್ಟರು. “ಎರಡು ರಿಲೇ ಹಾಕಿಬಿಡೋಣ ಸಾರ್. ಸ್ವಿಚ್ಚು ಇನ್ಮೇಲೆ ಬರೀ ಹೇಳೋ ಕೆಲಸ ಮಾಡ್ಲಿ, ಹೊರೋ ಕೆಲಸ ರಿಲೇ ಮಾಡ್ಲಿ. ವಯಸ್ಸಾದೋರಿಗೆ ಭಾರ ಹೊರಿಸಬಾರದು.” ರಿಲೇ ಎಂಬ ಮಾತು ಅವರ ಬಾಯಿಂದ ಬಂದಾಗ ನನ್ನ ಹೃದಯ ತುಂಬಿಬಂದುದನ್ನು ಮುಚ್ಚಿಡಲಾರೆ. ಆ ಶಬ್ದಕ್ಕೆ ಇಂಗ್ಲಿಷಿನಲ್ಲಿ ಮೂಲತಃ ಬೇಟೆಯಲ್ಲಿ ದಣಿದ ನಾಯಿಗಳ ಸ್ಥಾನಕ್ಕೆ ಹೊಸ ನಾಯಿಗಳನ್ನು ಬಿಡುವುದೆಂದೂ, ಮುಂದೆ ದಣಿದ ಕುದುರೆಯ ಸ್ಥಾನಕ್ಕೆ ಹೊಸ ಕುದುರೆಯನ್ನು ಕಟ್ಟುವುದೆಂದೂ ಅರ್ಥ. ನಮ್ಮವರಿಗೆ ಇದು ಹೊಸತಲ್ಲ, ಚಿಕ್ಕದೇವರಾಜ ಒಡೆಯರ ಕಾಲದ ಅಂಚೆಯೂ ಇದೇ ತತ್ತ್ವದ್ದು, ಒಬ್ಬನ ಓಟ ಮುಗಿದ ಕಡೆ ಚೀಲ ಇನ್ನೊಬ್ಬನ ಹೆಗಲಿಗೆ ಏರುತ್ತಿತ್ತು. ರಿಲೇಯ ಸುರುಳಿಗೆ ಬೇಕಾದದ್ದು ಒಂದು ಆಂಪಿಯರಿನ ಆರೇಳನೆಯ ಒಂದು ಭಾಗ. ಏಳೂವರೆ ಆಂಪಿಯರುಗಳ ಹೊರೆ ಸ್ವಿಚ್ಚನ್ನು ಬಳಸಿ ಬೇರೆ ದಾರಿಯಲ್ಲಿ ಬ್ಯಾಟರಿಯಿಂದ ದೀಪಕ್ಕೆ ಹೋಗುತ್ತದೆ. ಹೆಚ್ಚು ಬೆಳಕಿನ ಆಸೆಯಿಂದ ರಿಲೇಯಿಲ್ಲದೆಯೇ 90, 100 ವಾಟಿನ ಬಲ್ಬುಗಳನ್ನು ಸಿಕ್ಕಿಸಿ ಒಳ್ಳೆಯ ಸ್ವಿಚ್ಚುಗಳನ್ನು ಸುಟ್ಟುಕೊಂಡವರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ರೇಡಿಯೇಟರಿನ ಪಕ್ಕದಲ್ಲಿ ಕುಳಿತ ಆ ಎರಡು ಕರಿಯ ಡಬ್ಬಿಗಳು ಈಗ ನಾನು ಗುಂಡಿಯನ್ನು ತುಳಿದಾಗಲೆಲ್ಲ ಕ್ಲಿಕ್ಕೆನ್ನುತ್ತವೆ. ಮೂವತ್ತು ವರ್ಷ ಹಗಲಿಡೀ ಕೇಳಿದ ದನಿ ಅದು.

ಒಂದು ಮಾತನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಸೊಸೆಯ ಕಾರಿನ ಇಂಡಿಕೇಟರ್ ಕಡ್ಡಿ ಹೋದ ವರ್ಷ ಕೆಟ್ಟಾಗ ಅದನ್ನೂ ಭಾಯ್ ಬಳಿ ಒಯ್ದಿದ್ದೆ. ಅವರು ಸುತ್ತಲೂ ತಿರುಗಿಸಿ ನೋಡಿದರು. ಸ್ಕ್ರೂ ಇಲ್ಲ, ಮಡಚಿದ ನಾಲಗೆಯಿಲ್ಲ, ಪ್ಲಾಸ್ಟಿಕ್ಕಿನ ಎರಡು ಹೋಳುಗಳನ್ನು ಕರಗಿಸಿ ಒಂದು ಮಾಡಿದ್ದಾರೆ. “ಬಾಗಿಲೇ ಇಲ್ವಲ್ಲ ಸಾರ್” ಎಂದು ಹಿಂದಿರುಗಿಸಿದರು. ಅದರ ಒಳಗೂ ಸಾಸಿವೆಯಷ್ಟೇ ಕಿಲುಬಿತ್ತೆಂಬುದರಲ್ಲಿ ನನಗೆ ಸಂದೇಹವಿಲ್ಲ. ನನ್ನ ಸ್ವಿಚ್ಚನ್ನು ಮಾಡಿದವನು, ಅರ್ಧ ಶತಮಾನದ ತರುವಾಯ ಹೂಡಿಯ ಗಲ್ಲಿಯೊಂದರಲ್ಲಿ ಯಾರೋ ಒಬ್ಬನು ಇದನ್ನು ತೆರೆಯಬೇಕಾದೀತೆಂದು ಊಹಿಸಿ ಆ ನಾಲ್ಕು ನಾಲಗೆಗಳನ್ನು ಬಿಟ್ಟಿದ್ದನೋ ಇಲ್ಲವೋ. ಬಿಟ್ಟಿದ್ದನು, ಅಷ್ಟು ಸಾಕು. ಅವನನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ.

ನವೀಕರಣ ಆಯಿತು. ಕಾರ್ತಿಕದಲ್ಲಿ ಮತ್ತೆ ತಂಗಿಯ ಮನೆಗೆ ಹೋಗಿ, ಊಟ ಮುಗಿಸಿ, ರಾತ್ರಿ ಒಂಬತ್ತರ ಸುಮಾರಿಗೆ ಹೊರಟೆ. ಮಾಲೂರನ್ನು ಬಿಟ್ಟು ಹೊಸಕೋಟೆಯ ಕಡೆಗೆ ಎರಡು ಮೈಲಿ ಬಂದಿರಬಹುದು. ನೀಲಗಿರಿಯ ತೋಪೊಂದರ ತಿರುವಿನಲ್ಲಿ ಮೊದಲು ಮರಗಳ ಕಾಂಡಗಳು ಬೆಳಗಿದುವು, ಆ ಬಳಿಕ ಲಾರಿಯ ಎರಡು ಕಣ್ಣುಗಳು ಕಾಣಿಸಿಕೊಂಡುವು. ಪಾದ ಎಡಕ್ಕೆ ಸರಿಯಿತು. ಟಕ್, ಮುಂದುಗಡೆಯಿಂದ ಕ್ಲಿಕ್. ಬೆಳಕು ಆರಲಿಲ್ಲ, ನಡುಗಲಿಲ್ಲ. ಬಿಳುಪಾಗಿ ನೆಲಕ್ಕಿಳಿದು ಟಾರಿನ ಅಂಚಿನ ಹುಲ್ಲನ್ನು ತೋರಿಸಿತು. ಎದುರಿನ ಕಣ್ಣುಗಳೂ ಒಡನೆಯೆ ತಗ್ಗಿದುವು. ಹೆಂಚಿನ ಲಾರಿ ಗಾಳಿಯನ್ನು ಬೀಸಿ ದಾಟಿಹೋಯಿತು. ನಾನು ಮತ್ತೆ ಗುಂಡಿಯನ್ನು ತುಳಿದೆ.